ವಾಚಿನ ಸ್ಟೀಲ್ ಚೈನಿನ ಗೀರು: ಮನೆಯಲ್ಲೇ ತೆಗೆಯುವುದು ಹೇಗೆ?

ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ್ದು ಗೋಣಿಚೀಲ ಸೇರುವ ಹೊತ್ತಿಗೆ ಚಿಕ್ಕಮಗಳೂರು ಕಡೆಯ ತೋಟದವರ ಕೈಗಡಿಯಾರ ನೋಡಬೇಕು. ಜೀಪಿನ ಬಾಗಿಲು, ಕಣದ ಸಿಮೆಂಟು, ತಂತಿಬೇಲಿ, ಚೀಲಕ್ಕೆ ಅಂಟಿದ ಮಣ್ಣು, ಎಲ್ಲವೂ ಚೈನಿನ ಮೇಲೆ ಗೀರು ಬಿಟ್ಟಿರುತ್ತವೆ. ಮರಳಿನ ಹರಳು ಸ್ಟೇನ್‌ಲೆಸ್ ಸ್ಟೀಲಿಗಿಂತ ಗಟ್ಟಿ. ಧೂಳು ಕೂತ ಚೈನನ್ನು ಅಂಗಿಯ ತೋಳಿನಲ್ಲಿ ಒರೆಸಿಕೊಂಡರೂ ಗೆರೆ ಬೀಳುತ್ತದೆ.

ನಮ್ಮ ತಂದೆ ಆಲ್ದೂರಿನ ಹತ್ತಿರ ಒಂದು ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ಅವರ ವಾಚು ನನ್ನ ಕೈಗೆ ಬಂದಾಗ ಚೈನಿನ ಲಾಕಿನ ಮೇಲೆ ಗೀರಿಲ್ಲದ ಜಾಗವೇ ಇರಲಿಲ್ಲ. ಪಾತ್ರೆ ತಿಕ್ಕುವ ಹಸಿರು ಪ್ಯಾಡ್ ತಗೊಂಡು ಗುಂಡಗೆ ಉಜ್ಜಿದೆ. ಗೀರೇನೋ ಹೋಯಿತು, ಆದರೆ ಉಸಿರು ತಾಗಿದ ಕನ್ನಡಿಯ ಹಾಗೆ ಲಾಕು ಪೂರ್ತಿ ಮಂಕಾಯಿತು. ನೋಡಿ ಹೊಟ್ಟೆ ಉರಿಯಿತು. ಮತ್ತೆ ಅದನ್ನು ಸರಿ ಮಾಡುವಾಗ ಕಲಿತದ್ದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಬೆಳಗಿನ ಓರೆ ಬಿಸಿಲಿಗೆ ಚೈನು ಹಿಡಿಯಿರಿ. ಹೊಳಪಿಲ್ಲದ ಮ್ಯಾಟ್ ಭಾಗದಲ್ಲಿ ಕೂದಲಿಗಿಂತ ತೆಳ್ಳಗಿನ ಗೆರೆಗಳು ಒತ್ತೊತ್ತಾಗಿ, ಸಾಮಾನ್ಯವಾಗಿ ಚೈನಿನ ಉದ್ದಕ್ಕೆ, ಒಂದೇ ದಿಕ್ಕಿನಲ್ಲಿ ಸಾಗಿರುತ್ತವೆ. ಕಾರ್ಖಾನೆಯಲ್ಲಿ ಬೇಕೆಂದೇ ಎಳೆದ ಗೆರೆಗಳು ಅವು. ನಮ್ಮ ಕಣ್ಣಿಗೆ ಚುಚ್ಚುವುದು ಅವನ್ನು ಅಡ್ಡ ಕತ್ತರಿಸಿದ ಗೀರು. ಆ ಅಡ್ಡ ಗೀರನ್ನು ಉದ್ದ ಗೆರೆಗಳ ಸಾಲಿನಲ್ಲಿ ಮುಳುಗಿಸುವುದೇ ಇಡೀ ಕೆಲಸ. ಬಡಗಿ ಮರದ ನಾರು ನೋಡಿ ಕೀಸುವ ಹಾಗೆ, ದಿಕ್ಕು ಗೊತ್ತಾಗದೆ ಕೈ ಹಾಕಬಾರದು.

ಯಾವುದನ್ನು ಮುಟ್ಟಬಾರದು?

ಬಂಗಾರದ ಬಣ್ಣದ ಲೇಪನ, ಕಪ್ಪು ಲೇಪನ ಇರುವ ಚೈನಿಗೆ ಈ ಉಪಾಯ ಬೇಡವೇ ಬೇಡ. ಲೇಪನ ಎದ್ದುಹೋದರೆ ಮನೆಯಲ್ಲಿ ಮರಳಿ ಹಾಕಲಾಗದು. ಉಗುರು ಆಡಿಸಿದಾಗ ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನೂ ಹಾಗೇ ಬಿಡಿ. ಅದನ್ನು ತೆಗೆಯಬೇಕೆಂದರೆ ಸುತ್ತಲಿನ ಸ್ಟೀಲನ್ನೂ ಅಷ್ಟೇ ಆಳಕ್ಕೆ ಸವೆಸಬೇಕು. ಕೊಂಡಿಯ ಅಂಚು ದುಂಡಗಾಗಿ ಚೈನಿನ ಆಕಾರವೇ ಕೆಡುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಕಾರಿಗೆ ಪೇಂಟ್ ಹೊಡೆಯುವವರು ಬಳಸುವ ಬೂದು ಬಣ್ಣದ ಉಜ್ಜುವ ಪ್ಯಾಡ್, ಮಾಸ್ಕಿಂಗ್ ಟೇಪ್, ಹಳೇ ಟೂತ್‌ಬ್ರಷ್, ಮೆತ್ತನೆಯ ಹತ್ತಿ ಬಟ್ಟೆ, ಬ್ರಾಸೋದಂಥ ಲೋಹದ ಪಾಲಿಶ್. ಹಸಿರು ಪ್ಯಾಡ್ ಇದಕ್ಕಿಂತ ಒರಟು. ಕಬ್ಬಿಣದ ಉಣ್ಣೆಯನ್ನಂತೂ (ಸ್ಟೀಲ್ ವುಲ್) ತರಲೇಬೇಡಿ. ಅದರ ಚೂರು ಕೊಂಡಿಗಳ ಸಂದಿಯಲ್ಲಿ ಉಳಿದರೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತುಕ್ಕಿನ ಕಲೆ ಏಳುವುದಕ್ಕೆ ತಡವಾಗುವುದಿಲ್ಲ. ಹಿತ್ತಾಳೆಗೆ ಒಗ್ಗುವ ಹುಣಸೆಹಣ್ಣು ಇಲ್ಲಿ ಕೊಳೆ ತೆಗೆದೀತು, ಗೀರು ತೆಗೆಯದು.

ಕೆಲಸ ಶುರು

ಮೊದಲು ಚೈನನ್ನು ವಾಚಿನಿಂದ ಬಿಚ್ಚಿ. ಎರಡೂ ತುದಿಯಲ್ಲಿ ಚೈನನ್ನು ವಾಚಿಗೆ ಹಿಡಿದಿಡುವ ಸಣ್ಣ ಕಡ್ಡಿ, ಅಂದರೆ ಸ್ಪ್ರಿಂಗ್ ಬಾರ್, ಚಿಮ್ಮಿ ಹೋಗುವ ಸಾಮಾನು; ಹಾಸಿದ ಟವೆಲಿನ ಮೇಲೆ ಕೂತು ಬಿಚ್ಚಿದರೆ ಹುಡುಕುವ ಪಾಡಿಲ್ಲ. ಬಿಚ್ಚಲು ಬಾರದಿದ್ದರೆ ವಾಚಿನ ಗಾಜು, ಕೇಸು ಎರಡನ್ನೂ ಟೇಪಿನಿಂದ ಪೂರ್ತಿ ಮುಚ್ಚಿ. ಹಳೇ ಎಚ್‌ಎಂಟಿ ಕೀಲಿ ವಾಚುಗಳ ಗಾಜು ಅಕ್ರಿಲಿಕ್ಕಿನದು, ಪ್ಯಾಡ್ ಒಮ್ಮೆ ತಾಗಿದರೂ ಗೀರಾಗುತ್ತದೆ.

ಬಿಚ್ಚಿದ ಚೈನನ್ನು ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಬ್ರಷ್ಷಿನಿಂದ ಸಂದಿಗೊಂದಿ ತಿಕ್ಕಿ. ಮಣ್ಣಿನ ಕಣ ಉಳಿದರೆ ಉಜ್ಜುವಾಗ ಹೊಸ ಗೀರು ಬೀಳುತ್ತದೆ. ಬ್ಲೀಚ್, ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರ ಸುಳಿಯದಿರಲಿ. ಅವುಗಳಲ್ಲಿನ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿನ್ನುತ್ತದೆ.

ನಡುವಿನ ಕೊಂಡಿಗಳು ಕನ್ನಡಿಯ ಹಾಗೆ ಹೊಳೆಯುವ ಚೈನಾದರೆ ಆ ಹೊಳಪಿನ ಭಾಗವನ್ನೇ ಮೊದಲು ಮುಗಿಸಿ. ಪಾಲಿಶ್ ಪಕ್ಕದ ಮ್ಯಾಟ್ ಭಾಗಕ್ಕೆ ಹರಿದರೂ ಅದನ್ನು ಆಮೇಲೆ ಪ್ಯಾಡಿನಿಂದ ಸರಿಪಡಿಸಬಹುದು. ಹೊಳಪಿನ ಮೇಲೆ ಪ್ಯಾಡ್ ಓಡಿದರೆ ಮತ್ತೆ ಮೊದಲಿನಿಂದ. ಕಿಟಕಿ ತೆರೆದಿಟ್ಟು, ಬಟ್ಟೆಯ ತುದಿಗೆ ಸಾಸಿವೆಯಷ್ಟು ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾಗುತ್ತದೆ, ಗಾಬರಿ ಬೇಡ. ಸವೆದ ಲೋಹದ ಪುಡಿ ಅದು. ಕೂದಲೆಳೆಯ ಗೀರು ಮಾತ್ರ ಇದಕ್ಕೆ ಹೋಗುತ್ತದೆ.

ಈಗ ಹೊಳಪಿನ ಭಾಗಕ್ಕೆ ಟೇಪ್ ಅಂಟಿಸಿ. ಅಂಚಿಗೆ ಸರಿಯಾಗಿ ಕೂರಿಸಿ ಉಗುರಿನಿಂದ ಒತ್ತಿ. ಚೈನನ್ನು ಹಲಗೆಯ ಮೇಲೆ ಉದ್ದಕ್ಕೆ ಮಲಗಿಸಿ, ಅಲುಗದಂತೆ ಎರಡೂ ತುದಿಗೆ ಟೇಪ್ ಹಾಕಿ. ಪ್ಯಾಡಿನ ತುಂಡನ್ನು ಚಪ್ಪಟೆ ರಬ್ಬರಿಗೆ ಸುತ್ತಿಕೊಂಡರೆ ಒತ್ತಡ ಎಲ್ಲ ಕಡೆ ಒಂದೇ ಸಮ ಬೀಳುತ್ತದೆ. ಈ ಕೊನೆಯಿಂದ ಆ ಕೊನೆಗೆ, ನಡುವೆ ಎಲ್ಲೂ ನಿಲ್ಲದೆ, ಹಗುರವಾಗಿ ಒಂದು ಎಳೆತ. ಕೈ ಎತ್ತಿ. ಮತ್ತೆ ಮೊದಲ ಕೊನೆಯಿಂದಲೇ ಶುರು. ಹಿಂದಕ್ಕೂ ಮುಂದಕ್ಕೂ ತಿಕ್ಕಿದರೆ ಕೈ ತಿರುಗುವ ಕಡೆ ಗೆರೆ ಬಾಗುತ್ತದೆ, ಬಿಸಿಲಿಗೆ ಹಿಡಿದಾಗ ಅದು ಎದ್ದು ಕಾಣುತ್ತದೆ. ಒಂದೇ ಕೊಂಡಿಯಲ್ಲಿ ಗೀರಿದ್ದರೂ ಎಳೆತ ಇಡೀ ಸಾಲಿಗೆ ಸಾಗಲಿ. ಅದೊಂದನ್ನೇ ಉಜ್ಜಿದರೆ ತೇಪೆ ಹಾಕಿದ ಹಾಗಿರುತ್ತದೆ. ಮೊದಲ ಪ್ರಯೋಗ ಕಣ್ಣಿಗೆ ಬೀಳದ ಕಡೆ, ಲಾಕಿನ ಒಳಭಾಗದಲ್ಲಿ ಆಗಲಿ.

ಐದಾರು ಎಳೆತಕ್ಕೊಮ್ಮೆ ನಿಲ್ಲಿಸಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ. ಪ್ರತಿ ಎಳೆತಕ್ಕೂ ಒಂದಿಷ್ಟು ಲೋಹ ಹೋಗುತ್ತಿರುತ್ತದೆ, ಅದು ಮರಳಿ ಬರುವುದಿಲ್ಲ. ಗೀರು ಮುಕ್ಕಾಲು ಮರೆಯಾದಾಗಲೇ ನಿಲ್ಲಿಸುವುದು ನನ್ನ ಅಭ್ಯಾಸ. ತಂದೆಯ ವಾಚಿನ ಲಾಕಿನ ಮೂಲೆಯಲ್ಲಿ ಒಂದು ಆಳದ ಗಾಯ ಇದೆ. ಅದನ್ನು ನಾನು ಮುಟ್ಟಿಲ್ಲ.

ಮುಗಿದ ಮೇಲೆ ಮೇಲೇನೂ ಬಳಿಯಬೇಕಿಲ್ಲ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇ 10.5ಕ್ಕೆ ಕಡಿಮೆಯಿಲ್ಲದಷ್ಟು ಕ್ರೋಮಿಯಂ ಇರುತ್ತದೆ. ಗಾಳಿ ತಾಗಿದೊಡನೆ ಅದು ತಾನೇ ತೆಳು ಆಕ್ಸೈಡ್ ಪದರ ಕಟ್ಟಿಕೊಂಡು ತುಕ್ಕು ತಡೆಯುತ್ತದೆ. ಟೇಪ್ ಕಿತ್ತು, ಇನ್ನೊಮ್ಮೆ ಸೋಪುನೀರಿನಲ್ಲಿ ತೊಳೆದು, ಕೊಂಡಿಗಳ ಒಳಗಿನ ನೀರೂ ಆರುವ ತನಕ ಬಿಡಿ. ವಾಚಿಗೆ ಜೋಡಿಸುವಾಗ ಸ್ಪ್ರಿಂಗ್ ಬಾರ್ ತೂತಿಗೆ ಕೂತ ಟಕ್ ಸದ್ದು ಎರಡೂ ಕಡೆ ಕೇಳಬೇಕು. ಕೈಗೆ ಕಟ್ಟುವ ಮುಂಚೆ ಹಾಸಿಗೆಯ ಮೇಲೆ ಹಿಡಿದು ಚೈನನ್ನು ಎರಡು ಸಲ ಜಗ್ಗಿ ನೋಡಿ.