ಹೆರಿಗೆಗೆ ಗರ್ಭಕೋಶದ ಬಾಯಿ ಹದಗೊಳಿಸುವ ಜೆಲ್ ಹಾಕಿಸಿಕೊಂಡು ಮನೆಗೆ ಮರಳುವ ಗರ್ಭಿಣಿಯರು ತಿಳಿದಿರಬೇಕಾದದ್ದು

ದಿನ ತುಂಬಿದರೂ ಹೆರಿಗೆ ನೋವು ಬಾರದಿದ್ದಾಗ ವೈದ್ಯರು ಒಳಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಾಗಿದೆ, ಯಾವ ಕಡೆಗೆ ತಿರುಗಿದೆ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ ಎಂಬುದಕ್ಕೆಲ್ಲ ಅಂಕ ಹಾಕುತ್ತಾರೆ. ಈ ಬಿಷಪ್ ಸ್ಕೋರ್ 6 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಬಾಯಿ ಇನ್ನೂ ಹದಕ್ಕೆ ಬಂದಿಲ್ಲವೆಂದು ಅರ್ಥ. ಮೂಗಿನ ತುದಿಯಷ್ಟು ಗಟ್ಟಿಯಾಗಿರುವ ಅದು ತುಟಿಯಷ್ಟು ಮೆತ್ತಗಾಗಬೇಕು.

ಇದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಔಷಧಗಳಲ್ಲೊಂದು ಡೈನೋಪ್ರೊಸ್ಟೋನ್ ಜೆಲ್. ಫ್ರಿಜ್‌ನಲ್ಲಿ ಕಾಪಿಟ್ಟ ಸಿರಿಂಜಿನಿಂದ 0.5 ಮಿಲಿಗ್ರಾಂ ಔಷಧವನ್ನು ಗರ್ಭಕೋಶದ ಬಾಯೊಳಗೆ ಹಾಕಿದ ಬಳಿಕ, ಅದು ಹೊರಗೆ ಸೋರದಂತೆ ಸುಮಾರು ಅರ್ಧ ಗಂಟೆ ಮಲಗಿರಬೇಕು. ಆಮೇಲೆ ಮಗುವಿನ ಎದೆಬಡಿತದ ಪರೀಕ್ಷೆ ಸರಿಯಾಗಿದ್ದರೆ ಮಾತ್ರ ಮನೆಗೆ ಕಳುಹಿಸುವ ಮಾತು. ಹಿಂದೆ ಸಿಸೇರಿಯನ್ ಆದವರಿಗೆ, ಅವಳಿ ಮಕ್ಕಳಿರುವವರಿಗೆ, ರಕ್ತದೊತ್ತಡ ಹೆಚ್ಚಿರುವವರಿಗೆ ಈ ಏರ್ಪಾಡು ಸಲ್ಲದು. ಮನೆ ದೂರದ ಹಳ್ಳಿಯಲ್ಲಿದ್ದು, ರಾತ್ರಿ ವಾಹನ ಸಿಗುವ ಖಾತರಿ ಇಲ್ಲದಿದ್ದರೆ ಆಸ್ಪತ್ರೆಯಲ್ಲೇ ಉಳಿಯುವುದು ಲೇಸೆಂದು ನಾನು ಒತ್ತಿ ಹೇಳುತ್ತೇನೆ.

ಹೊರಡುವ ಮುನ್ನ ಜೆಲ್ ಹಾಕಿದ ಸಮಯವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಜೆಲ್ ಹಾಕಿ ಕನಿಷ್ಠ 6 ಗಂಟೆ ಕಳೆಯದೆ ಹೆರಿಗೆ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ ಕೊಡುವಂತಿಲ್ಲವಾದ್ದರಿಂದ, ಅವಸರದಲ್ಲಿ ಬೇರೆ ಆಸ್ಪತ್ರೆ ಸೇರಬೇಕಾಗಿ ಬಂದರೆ ಅಲ್ಲಿನವರು ಮೊದಲು ಕೇಳುವ ಸಂಗತಿಗಳಲ್ಲಿ ಇದೂ ಒಂದು.

ಮನೆಯಲ್ಲಿ ಹಗುರವಾದ ಊಟ, ನೀರು, ನಿದ್ರೆ ಸಾಕು. ನೋವು ಬೇಗ ಬರಲೆಂದು ಹಿರಿಯರು ಹರಳೆಣ್ಣೆ ಕೊಟ್ಟರೆ ಕುಡಿಯಬೇಡಿ. ಔಷಧದಂಗಡಿಯಿಂದ ನೋವು ಬರಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ತಂದು ನುಂಗುವುದಂತೂ ಪ್ರಾಣಕ್ಕೇ ಅಪಾಯ. ಹೆರಿಗೆಗೆ ಆಸ್ಪತ್ರೆಯಲ್ಲಿ ಒಮ್ಮೆಗೆ ಕೊಡುವುದು 25 ಮೈಕ್ರೋಗ್ರಾಂ, ಅಂಗಡಿಯ ಒಂದು ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು 200. ಅದನ್ನು ಬ್ಲೇಡಿನಿಂದ ಎಂಟು ಚೂರು ಮಾಡಿದರೂ ಚೂರುಗಳು ಸಮನಾಗುವುದಿಲ್ಲ.

ಕಿಬ್ಬೊಟ್ಟೆಯಲ್ಲಿ ಸಣ್ಣಗೆ ಹಿಂಡಿದಂತಾಗುವುದು, ರಕ್ತದ ಎಳೆ ಬೆರೆತ ಲೋಳೆ ಹೋಗುವುದು ಸಹಜ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಗಡಿಯಾರ ನೋಡಿ: ನೋವು ಐದು ನಿಮಿಷಕ್ಕೊಮ್ಮೆ ಕ್ರಮವಾಗಿ ಬಂದರೆ ಆಸ್ಪತ್ರೆಗೆ ಹೊರಡಿ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ಸಲ ಬಂದರೆ, ನಡುವೆ ಹೊಟ್ಟೆ ಸಡಿಲಗೊಳ್ಳದೆ ಕಲ್ಲಿನಂತೆಯೇ ಉಳಿದರೆ, ನೀರು ಒಡೆದರೆ, ರಕ್ತ ಹರಿದರೆ ಅಥವಾ ಮಗುವಿನ ಮಿಸುಕಾಟ ಕಡಿಮೆಯಾದರೆ ಒಂದು ಕ್ಷಣವೂ ಕಾಯದೆ 108ಕ್ಕೆ ಕರೆ ಮಾಡಿ. ಇವೇನೂ ಕಾಣದಿದ್ದರೂ ವೈದ್ಯರು ಹೇಳಿದ ಹೊತ್ತಿಗೆ ಮತ್ತೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.