ಹೊರದೇಶದ ಆಡಿಯೊ ಸೆಟ್: ಪ್ಲಗ್ ಹಾಕುವ ಮೊದಲು ಇಷ್ಟು ನೋಡಿ

ಜಪಾನಿನ ಹಳೇ ಆಂಪ್ಲಿಫೈಯರ್, ಅಮೆರಿಕದ ಟರ್ನ್‌ಟೇಬಲ್ ಕೈಗೆ ಸಿಕ್ಕಾಗ ತಕ್ಷಣ ಪ್ಲಗ್ ಹಾಕಿ ಹಾಡು ಕೇಳೋಣ ಅನ್ನಿಸುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ. 100 ಅಥವಾ 120 ವೋಲ್ಟಿನ ಸೆಟ್ಟಿಗೆ 230 ವೋಲ್ಟ್ ಕೊಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರ್ ತಡೆಯುವುದಿಲ್ಲ. ಅದೃಷ್ಟ ಚೆನ್ನಾಗಿದ್ದರೆ ಫ್ಯೂಸ್ ಮಾತ್ರ ಹೋಗುತ್ತದೆ. ಇಲ್ಲದಿದ್ದರೆ ಕೆಪಾಸಿಟರ್, ಟ್ರಾನ್ಸಿಸ್ಟರ್ ಎಲ್ಲವೂ ಹೋಗುತ್ತವೆ. ಪಿನ್ ಬದಲಿಸುವ ಚಿಕ್ಕ ಅಡಾಪ್ಟರ್ ಹಾಕಿದರೆ ಪ್ಲಗ್ ಸಾಕೆಟ್ಟಿನಲ್ಲಿ ಕೂರುತ್ತದೆ, ಅಷ್ಟೆ. ವೋಲ್ಟೇಜ್ ಇದ್ದಷ್ಟೇ ಇರುತ್ತದೆ.

ಹಿಂದಿನ ಲೇಬಲ್ ಓದಿ

ಸೆಟ್ಟಿನ ಹಿಂಬದಿಯಲ್ಲಿ, ಕರೆಂಟ್ ವಯರ್ ಒಳಗೆ ಹೋಗುವ ಜಾಗದ ಹತ್ತಿರ ಒಂದು ಲೇಬಲ್ ಇರುತ್ತದೆ. ವೋಲ್ಟೇಜ್ ಎಷ್ಟು, ಫ್ರೀಕ್ವೆನ್ಸಿ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಬರುತ್ತದೆ ಎಂಬುದು) ಎಷ್ಟು ಹರ್ಟ್ಜ್, ಎಷ್ಟು ವಾಟ್ ಎಳೆಯುತ್ತದೆ ಎಂದು ನೋಡಿ ಬರೆದುಕೊಳ್ಳಿ. ಭಾರತ ಮತ್ತು ಯುರೋಪಿನಲ್ಲಿ 230 ವೋಲ್ಟ್, 50 ಹರ್ಟ್ಜ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಜ್. ಜಪಾನಿನಲ್ಲಿ 100 ವೋಲ್ಟ್. ಆದರೆ ಅಲ್ಲಿ ಟೋಕಿಯೊ ಇರುವ ಪೂರ್ವಕ್ಕೆ 50 ಹರ್ಟ್ಜ್, ಒಸಾಕಾ ಇರುವ ಪಶ್ಚಿಮಕ್ಕೆ 60. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯಿಂದಲೂ ಒಸಾಕಾ ಅಮೆರಿಕದಿಂದಲೂ ಜನರೇಟರ್ ತರಿಸಿದವು. ಆ ವ್ಯತ್ಯಾಸ ಇವತ್ತಿಗೂ ಉಳಿದಿದೆ. ಇದರಿಂದ ನಮಗೆ ಒಳ್ಳೆಯದೇ ಆಗಿದೆ. ಜಪಾನಿನೊಳಗೆ ಮಾರಾಟವಾದ ಆಂಪ್ಲಿಫೈಯರ್‌ಗಳು ಸಾಮಾನ್ಯವಾಗಿ ಎರಡೂ ಫ್ರೀಕ್ವೆನ್ಸಿಗೆ ಒಗ್ಗುತ್ತವೆ.

ಲೇಬಲ್ಲಿನಲ್ಲಿ 100ರಿಂದ 240 ವೋಲ್ಟ್, 50/60 ಹರ್ಟ್ಜ್ ಎಂದಿದ್ದರೆ ಚಿಂತೆಯಿಲ್ಲ, ಪಿನ್ ಬದಲಿಸಿದರೆ ಸಾಕು. ಸೆಟ್ಟಿಗೆ ಹೊರಗಿನ ಅಡಾಪ್ಟರಿನಿಂದ ಕರೆಂಟ್ ಬರುವುದಾದರೆ ಅಡಾಪ್ಟರ್ ಒಂದನ್ನೇ ಬದಲಿಸಬಹುದು. ಹೊಸದರ ಔಟ್‌ಪುಟ್ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಪ್ಲಸ್ ಮೈನಸ್ ತಿರುಗುಮುರುಗು ಆಗಬಾರದು. ಕೆಲವು ಅಡಾಪ್ಟರ್ ಡಿಸಿ ಅಲ್ಲ, ಎಸಿ ಕೊಡುತ್ತವೆ. ಅದನ್ನೂ ಗಮನಿಸಿ.

ಸೆಲೆಕ್ಟರ್ ಇದೆಯಾ ನೋಡಿ

ಕೆಲವು ಸೆಟ್ಟುಗಳ ಹಿಂಬದಿಯಲ್ಲಿ ವೋಲ್ಟೇಜ್ ಸೆಲೆಕ್ಟರ್ ಇರುತ್ತದೆ. ಪ್ಲಗ್ ಕಿತ್ತಿಟ್ಟು, ಅದನ್ನು ನಿಮ್ಮ ವೋಲ್ಟೇಜಿಗೆ ತಿರುಗಿಸಿ. ಬಹಳ ಜನ ಫ್ಯೂಸ್ ಬದಲಿಸುವುದನ್ನು ಮರೆಯುತ್ತಾರೆ. ವೋಲ್ಟೇಜ್ ಎರಡರಷ್ಟಾದರೆ ಎಳೆಯುವ ಕರೆಂಟ್ ಅರ್ಧವಾಗುತ್ತದೆ. 120ಕ್ಕೆ 2 ಆಂಪಿಯರ್ ಫ್ಯೂಸ್ ಇದ್ದರೆ 230ಕ್ಕೆ 1 ಆಂಪಿಯರ್ ಸಾಕು. ಹಳೆಯದನ್ನೇ ಬಿಟ್ಟರೆ ತೊಂದರೆ ಬಂದ ದಿನ ಅದು ಬೇಗ ಸುಟ್ಟು ಸೆಟ್ಟನ್ನು ಕಾಪಾಡುವುದಿಲ್ಲ. ನಿಧಾನಕ್ಕೆ ಸುಡುವ ಫ್ಯೂಸ್ ಇದ್ದ ಕಡೆ ಅದೇ ಬಗೆಯದನ್ನೇ ಹಾಕಿ.

ಹೊರಗೆ ಸೆಲೆಕ್ಟರ್ ಕಾಣದಿದ್ದರೂ ಕೆಲವು ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಎರಡು ಪ್ರೈಮರಿ ವೈಂಡಿಂಗ್, ಅಂದರೆ ಕರೆಂಟ್ ಒಳಬರುವ ಕಡೆಯ ತಂತಿ ಸುರುಳಿಗಳು, ಇರುತ್ತವೆ. 120 ವೋಲ್ಟಿನ ಸೆಟ್ಟಾದರೆ ಅವನ್ನು ಸಮಾನಾಂತರದಿಂದ ಸರಣಿಗೆ ಜೋಡಿಸಿದರೆ 230ಕ್ಕೆ ಸರಿಹೋಗುತ್ತದೆ. ಇದು ಸರ್ವಿಸ್ ಮ್ಯಾನ್ಯುಯಲ್ ಕೈಯಲ್ಲಿಟ್ಟುಕೊಂಡು ತಿಳಿದ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಆರಿಸುವುದು

ಸೆಲೆಕ್ಟರ್ ಇಲ್ಲದಿದ್ದರೆ ವೋಲ್ಟೇಜ್ ಇಳಿಸಿ ಕೊಡುವ ಪೆಟ್ಟಿಗೆ, ಅಂದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಪ್ರಯಾಣಕ್ಕೆಂದು ಬರುವ ಹಗುರವಾದ ಎಲೆಕ್ಟ್ರಾನಿಕ್ ಕನ್ವರ್ಟರ್ ಬೇಡ. ಅದು ಹೇರ್ ಡ್ರೈಯರ್‌ನಂಥ ಬಿಸಿ ಮಾಡುವ ವಸ್ತುಗಳಿಗೆ. ಕರೆಂಟಿನ ಅಲೆಯನ್ನೇ ಕತ್ತರಿಸಿ ಕೊಡುವುದರಿಂದ ಆಡಿಯೊ ಸೆಟ್ಟಿಗೆ ಆಗಿಬರುವುದಿಲ್ಲ.

ಲೇಬಲ್ಲಿನಲ್ಲಿ 300 ವಾಟ್ ಇದ್ದರೆ ಕನಿಷ್ಠ 500 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ) ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. ಆ ಸಾಮರ್ಥ್ಯ ಸತತವಾಗಿ ಕೊಡುವಂಥದ್ದಾ ಎಂದು ಕೇಳಿ. ಅಗ್ಗದ ಪೆಟ್ಟಿಗೆಗಳ ಮೇಲೆ ಕ್ಷಣಕಾಲದ ಗರಿಷ್ಠ ಅಂಕಿ ಬರೆದಿರುವುದುಂಟು.

ಔಟ್‌ಪುಟ್ ವೋಲ್ಟೇಜ್ ವಿಷಯದಲ್ಲಿ ಸುಮ್ನೆ 'ನೂರಹತ್ತು' ಎಂದು ಹೇಳಿ ತರಬೇಡಿ. 230ರಿಂದ 110ಕ್ಕೆ ಇಳಿಸುವ ಪೆಟ್ಟಿಗೆಗೆ ಸಾಕೆಟ್ಟಿನಿಂದ 240 ಬಂದರೆ ಹೊರಗೆ ಸುಮಾರು 115 ಬರುತ್ತದೆ. ಜಪಾನಿನ 100 ವೋಲ್ಟ್ ಸೆಟ್ಟಿಗೆ ಅದು ನೂರಕ್ಕೆ 15 ಜಾಸ್ತಿಯಾಯಿತು. ಕೆಪಾಸಿಟರ್‌ಗಳು ಆಗಲೇ ಮುದಿಯಾಗಿರುವ ಸೆಟ್ಟಿಗೆ, ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ಸೆಟ್ಟಿಗಂತೂ ಇದು ದೊಡ್ಡ ಹೊರೆ. ಜಪಾನ್ ಸೆಟ್ಟಿಗೆ 100ರ ಪೆಟ್ಟಿಗೆಯನ್ನೇ ಕೇಳಿ ತನ್ನಿ. ಸೆಟ್ ಜೋಡಿಸುವ ಮೊದಲು ಮಲ್ಟಿಮೀಟರಿನಲ್ಲಿ ಎಸಿ ಇಟ್ಟು ಔಟ್‌ಪುಟ್ ಅಳೆಯಿರಿ.

ಇದರಲ್ಲಿ ಎರಡು ಜಾತಿ. ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಇರುವುದು ಒಂದೇ ವೈಂಡಿಂಗ್. ಹಗುರ, ಅಗ್ಗ. ಆದರೆ ಅದರ ಕೆಳಭಾಗ ಕಡಿದರೆ ಪೂರ್ತಿ 230 ವೋಲ್ಟ್ ಸೆಟ್ಟಿನ ಕಡೆಗೇ ಬರುತ್ತದೆ. ಐಸೊಲೇಶನ್ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ವೈಂಡಿಂಗ್ ಬೇರೆ ಬೇರೆ. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಲೋಹದ ಕವಚದ ಹಳೇ ಸೆಟ್ಟಿಗೆ ನಾನು ಹೇಳುವುದು ಇದನ್ನೇ. ಯಾವುದನ್ನೇ ಕೊಳ್ಳಿ, ಮೂರು ಪಿನ್ನಿನ ಸೆಟ್ಟಾದರೆ ಅರ್ಥಿಂಗ್ ಪೆಟ್ಟಿಗೆಯನ್ನು ದಾಟಿ ಸೆಟ್ಟಿನವರೆಗೆ ತಲುಪಬೇಕು. ಗುಂಯ್ ಸದ್ದು ಬರುತ್ತದೆ ಎಂದು ಅರ್ಥ್ ವಯರ್ ಕತ್ತರಿಸುವವರಿದ್ದಾರೆ. ಜೀವಕ್ಕೆ ಅಪಾಯ, ಖಂಡಿತ ಮಾಡಬೇಡಿ. ಪೆಟ್ಟಿಗೆಯನ್ನು ಟರ್ನ್‌ಟೇಬಲ್ಲಿನಿಂದ ದೂರ ಇಟ್ಟರೆ ಎಷ್ಟೋ ಸಲ ಆ ಸದ್ದು ತಾನೇ ಕಡಿಮೆಯಾಗುತ್ತದೆ.

ಹರ್ಟ್ಜ್ ಅನ್ನು ಯಾವ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯೂ ಬದಲಿಸುವುದಿಲ್ಲ

ಸ್ಟೆಪ್‌ಡೌನ್ ಬಂತು, ಎಲ್ಲ ಸರಿಹೋಯಿತು ಎಂದುಕೊಂಡು ಎಡವುವುದು ಇಲ್ಲೇ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಮಾತ್ರ ಬದಲಿಸುತ್ತದೆ. 50 ಹರ್ಟ್ಜ್ ಒಳಗೆ ಹೋದರೆ 50 ಹರ್ಟ್ಜೇ ಹೊರಗೆ ಬರುತ್ತದೆ.

60 ಹರ್ಟ್ಜಿಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ, ಗುಂಯ್ ಅನ್ನುತ್ತದೆ. ಕಬ್ಬಿಣದ ತಿರುಳಿನ ಮೇಲೆ ಬೀಳುವ ಹೊರೆ ತಿಳಿಯಲು ವೋಲ್ಟನ್ನು ಹರ್ಟ್ಜಿನಿಂದ ಭಾಗಿಸಿ. ಅಮೆರಿಕದಲ್ಲಿ 120ನ್ನು 60ರಿಂದ ಭಾಗಿಸಿದರೆ 2. ಅದೇ 120ನ್ನು 50ರಿಂದ ಭಾಗಿಸಿದರೆ 2.4. ಐದನೇ ಒಂದರಷ್ಟು ಹೊರೆ ಏರಿತು. 120ರ ಬದಲು 100 ವೋಲ್ಟ್ ಕೊಟ್ಟರೆ ಮತ್ತೆ 2ಕ್ಕೆ ಬರುತ್ತದೆ. ಪವರ್ ತುಸು ಕಡಿಮೆಯಾದರೂ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಣ್ಣಗಿರುತ್ತದೆ. ವಾಲ್ವ್ ಸೆಟ್ಟಿಗೆ ಈ ಉಪಾಯ ಬೇಡ, ವಾಲ್ವಿನೊಳಗಿನ, 6.3 ವೋಲ್ಟ್ ಬೇಕಾದ ಹೀಟರಿಗೆ 5.25 ಮಾತ್ರ ಸಿಗುತ್ತದೆ. 50 ಹರ್ಟ್ಜಿನ ಆಂಪ್ಲಿಫೈಯರನ್ನು 60ರಲ್ಲಿ ಬಳಸಿದರೆ ಇಂಥ ತೊಂದರೆ ಇಲ್ಲ.

ನಿಜವಾದ ಪೇಚು ಇರುವುದು ಟರ್ನ್‌ಟೇಬಲ್ಲಿನಲ್ಲಿ. ಎಸಿ ಸಿಂಕ್ರೊನಸ್ ಮೋಟರ್ ಹರ್ಟ್ಜ್ ನೋಡಿಕೊಂಡೇ ತಿರುಗುತ್ತದೆ. 60ರ ಮೋಟರನ್ನು 50ಕ್ಕೆ ಹಾಕಿದರೆ ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ತಟ್ಟೆ 27.8 ಸುತ್ತಿಗೆ ಇಳಿಯುತ್ತದೆ. 20 ನಿಮಿಷದ ರೆಕಾರ್ಡ್ 24 ನಿಮಿಷ ಓಡುತ್ತದೆ. ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಮೂರು ಮನೆಗೂ ತುಸು ಜಾಸ್ತಿಯೇ ಇಳಿಯುತ್ತದೆ. ಗಾಯಕಿಯ ದನಿ ಗಂಡುದನಿಯಂತೆ ಕೇಳಿಸಿದರೆ ಕಾರಣ ಇದೇ. ಇದಕ್ಕೆ ಮದ್ದು ಮೋಟರಿನ ಪುಲ್ಲಿ ಬದಲಿಸುವುದು. 50 ಹರ್ಟ್ಜಿನ ಪುಲ್ಲಿ ದಪ್ಪ, 60ರದ್ದು ಸಣ್ಣ. ಗ್ಯಾರಾರ್ಡ್ 301ರಂಥ ಹೆಸರಾಂತ ಮಾಡೆಲ್‌ಗಳಿಗೆ ಎರಡೂ ಬಗೆಯ ಪುಲ್ಲಿ ಇವೆ. ಕೆಲವು ಮೋಟರಿಗೆ ಕೆಪಾಸಿಟರನ್ನೂ ಬದಲಿಸಬೇಕು.

ಡಿಸಿ ಮೋಟರಿನವು, ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್‌ಗಳು ಹರ್ಟ್ಜಿಗೆ ಸೊಪ್ಪು ಹಾಕುವುದಿಲ್ಲ. ವೇಗ ಪರೀಕ್ಷಿಸುವ ಸ್ಟ್ರೋಬ್ ಡಿಸ್ಕ್ ತರುವಾಗಲೂ ನೋಡಿ ತನ್ನಿ. ಮೇನ್ಸ್ ಕರೆಂಟಿನ ನಿಯಾನ್ ದೀಪದಲ್ಲಿ 33⅓ ವೇಗಕ್ಕೆ 50 ಹರ್ಟ್ಜಾದರೆ 180 ಗೆರೆಯ ಸಾಲು ನಿಂತಂತೆ ಕಾಣಬೇಕು, 60 ಆದರೆ 216ರ ಸಾಲು. ಎಸಿ ಮೋಟರಿನ ಸ್ಪೂಲ್ ಟೇಪ್ ರೆಕಾರ್ಡರಿಗೂ ಇದೇ ಗೋಳು. ಮೇನ್ಸ್ ಫ್ರೀಕ್ವೆನ್ಸಿ ಎಣಿಸುವ 60 ಹರ್ಟ್ಜಿನ ರೇಡಿಯೊ ಗಡಿಯಾರ 50ರಲ್ಲಿ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ.

ಮೊದಲ ಸಲ ಆನ್ ಮಾಡುವುದು

ವರ್ಷಗಟ್ಟಲೆ ಮಲಗಿದ್ದ ಸೆಟ್ಟಾದರೆ ಒಂದು 60 ಅಥವಾ 100 ವಾಟಿನ ಹಳೇ ಮಾದರಿಯ ಬಲ್ಬನ್ನು ಫೇಸ್ ವಯರಿನಲ್ಲಿ ಸರಣಿಯಾಗಿ ಹಾಕಿಸಿ. ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಸ್ಪೀಕರ್ ತೆಗೆದಿಟ್ಟು ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಝಗ್ಗನೆ ಉರಿದು ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆಫ್ ಮಾಡಿ ರಿಪೇರಿಗೆ ಕೊಡಿ. ಬಲ್ಬ್ ತೆಗೆದ ಮೇಲೆ ಒಂದು ಗಂಟೆ ಓಡಿಸಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಾದರೆ ಅದರ ಸಾಮರ್ಥ್ಯ ಸಾಲದು.

ಕೊಳ್ಳುವ ಮೊದಲೇ ಕೇಳಬೇಕಾದ್ದು ಇನ್ನೊಂದಿದೆ. ಜಪಾನಿನ ಹಳೇ ಟ್ಯೂನರ್‌ಗಳ ಎಫ್‌ಎಂ 76ರಿಂದ 90 ಮೆಗಾಹರ್ಟ್ಜ್‌ವರೆಗೆ ಮಾತ್ರ. ಸ್ಟೇಶನ್‌ಗಳು 108ರವರೆಗೆ ಇರುವ ದೇಶದಲ್ಲಿ ಅವುಗಳಲ್ಲಿ ಬಹಳಷ್ಟು ಸಿಗುವುದೇ ಇಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸಿ ಇದನ್ನು ಸರಿಮಾಡಲು ಬರುವುದಿಲ್ಲ. ರೇಡಿಯೊ ಕೇಳುವ ಆಸೆಯಿದ್ದರೆ ಅಂಥ ರಿಸೀವರ್ ಬಿಟ್ಟು ಬೇರೆ ನೋಡಿ.