ಸರ್ಕಾರಿ ನೌಕರಿಗೆ ಅರ್ಜಿ: ಮೊದಲು ಕಾಗದ ಹೊಂದಿಸಿ

ನಮ್ಮ ಉತ್ತರ ಕನ್ನಡದ ಕದ್ರಾ ಅಣೆಕಟ್ಟೆಯ ವಿದ್ಯುದಾಗಾರ ರಾಜ್ಯ ಸರ್ಕಾರದ ವಿದ್ಯುತ್ ನಿಗಮವಾದ ಕೆಪಿಸಿಯದು. ಅದರ ಮೇಲ್ಭಾಗದಲ್ಲಿ, ಅದೇ ಕಾಳಿ ನದಿಯ ದಂಡೆಗಿರುವ ಕೈಗಾ ಅಣುಸ್ಥಾವರ ಕೇಂದ್ರ ಸರ್ಕಾರದ್ದು. ಎರಡಕ್ಕೂ ಒಂದೇ ಜಾತಿ ಪ್ರಮಾಣಪತ್ರ ನಂಬಿ ಅರ್ಜಿ ಹಾಕಿದವರು ದಾಖಲೆ ಪರಿಶೀಲನೆಯ ದಿನ ಪೆಚ್ಚುಮೋರೆ ಹಾಕಿಕೊಂಡು ಹೊರಬರುತ್ತಾರೆ. ಪರೀಕ್ಷೆಯಲ್ಲಿ ಅಂಕ ಬಂದಿರುತ್ತದೆ, ಕಾಗದ ಮಾತ್ರ ತಪ್ಪಿರುತ್ತದೆ.

ಮೊದಲ ಕೆಲಸ, ಅಧಿಸೂಚನೆಯ ಮೂಲ ಪ್ರತಿಯನ್ನು ಇಲಾಖೆಯ ಜಾಲತಾಣದಿಂದಲೇ ಇಳಿಸಿಕೊಂಡು ಪೂರ್ತಿ ಓದುವುದು. ವಾಟ್ಸಾಪ್ ಪೋಸ್ಟರ್ ನೋಡಿ ಅರ್ಜಿ ಹಾಕಬೇಡಿ. ಅದರಲ್ಲಿ ಸಂಬಳ ದೊಡ್ಡಕ್ಷರದಲ್ಲಿರುತ್ತದೆ, ಷರತ್ತು ಇರುವುದೇ ಇಲ್ಲ.

ಎರಡನೆಯದು ಪ್ರಮಾಣಪತ್ರ. ಎಡವುವುದೆಲ್ಲ ಇಲ್ಲೇ.

ರಾಜ್ಯದ ಹುದ್ದೆಗೆ ನಾಡಕಚೇರಿಯ ಜಾತಿ-ಆದಾಯ ಪತ್ರ ಸಾಕು. ಪರಿಶಿಷ್ಟರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ, 2ಎ, 2ಬಿ, 3ಎ, 3ಬಿಗೆ ನಮೂನೆ-ಎಫ್. ಕೈಗಾ, ಸೀಬರ್ಡ್ ನೌಕಾನೆಲೆ, ಅಂಚೆ, ರೈಲ್ವೆಗೆ 2ಎ ಪತ್ರ ಕೊಟ್ಟರೆ ನಡೆಯದು. ಅಲ್ಲಿ ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ, ಕೆನೆಪದರಕ್ಕೆ, ಅಂದರೆ ಅನುಕೂಲಸ್ಥರ ಸಾಲಿಗೆ, ಸೇರಿಲ್ಲ ಎಂಬ ಒಕ್ಕಣೆಯ ಸಮೇತ. ಅದಕ್ಕೆ ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ಅದಕ್ಕೂ ಮುಂಚೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆರೆದು ನೋಡಿ. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅಲ್ಲೂ ಇರಬೇಕೆಂದೇನಿಲ್ಲ.

ಸಾಮಾನ್ಯ ವರ್ಗದವರು, ಅದರಲ್ಲೂ ಶಿರಸಿ, ಸಿದ್ದಾಪುರ ಕಡೆಯ ಸಣ್ಣ ತೋಟದ ಮನೆಯವರು, ತಮಗೇನೂ ಇಲ್ಲವೆಂದು ಸುಮ್ಮನಾಗುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ, ಕೃಷಿ ಜಮೀನು 5 ಎಕರೆಯೊಳಗೆ ಇದ್ದು, ಮನೆ-ನಿವೇಶನದ ಮಿತಿಯೂ ದಾಟದಿದ್ದರೆ ಕೇಂದ್ರದ ಹುದ್ದೆಗೆ ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲ ವರ್ಗ) ಪತ್ರ ಸಿಗುತ್ತದೆ. ಅದು ಆರ್ಥಿಕ ವರ್ಷಕ್ಕೆ ತಕ್ಕಂತೆ ಬದಲಾಗುವ ಕಾಗದ. ಹೋದ ವರ್ಷದ್ದು ಕಪಾಟಿನಲ್ಲಿದೆ ಎಂದು ನಿಶ್ಚಿಂತರಾಗಬೇಡಿ.

ಗ್ರಾಮೀಣ ಮೀಸಲಾತಿ ರಾಜ್ಯದ ಹುದ್ದೆಗಷ್ಟೇ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲೇ ಓದಿರಬೇಕು. ಏಳರವರೆಗೆ ಊರ ಶಾಲೆ, ಆಮೇಲೆ ಕಾರವಾರ ಪೇಟೆಯ ಹೈಸ್ಕೂಲು ಎಂದಾದರೆ ಬರುವುದಿಲ್ಲ. ಮುಖ್ಯಶಿಕ್ಷಕರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಪ್ರಾಥಮಿಕ ಶಾಲೆ ಅಂಕೋಲಾ ತಾಲೂಕಿನ ಹಳ್ಳಿಯಲ್ಲಿ, ಹೈಸ್ಕೂಲು ಯಲ್ಲಾಪುರ ತಾಲೂಕಿನ ಹಳ್ಳಿಯಲ್ಲಿ ಆಗಿದ್ದರೆ ಎರಡೂ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆ. ಸಾಮಾನ್ಯ ವರ್ಗದವರಿಗೆ ಇದರ ಜತೆ ಕೆನೆಪದರಕ್ಕೆ ಸೇರಿಲ್ಲ ಎಂಬ ತಹಶೀಲ್ದಾರರ ಪತ್ರವೂ ಬೇಕು. ಅದನ್ನು ಮರೆಯುವವರೇ ಹೆಚ್ಚು. ಕನ್ನಡ ಮಾಧ್ಯಮದ ಪತ್ರಕ್ಕೂ ಶಾಲೆಗೇ ಹೋಗಬೇಕಾದ್ದರಿಂದ ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ. ಬೇಸಿಗೆ ರಜೆಯಲ್ಲಿ ಹೋದರೆ ಸಹಿ ಹಾಕಲು ಯಾರೂ ಸಿಗುವುದಿಲ್ಲ.

ನಮ್ಮ ಜಿಲ್ಲೆಯವರು ಬಿಟ್ಟುಕೊಡುವ ಇನ್ನೊಂದು ಹಕ್ಕು ಯೋಜನಾ ನಿರಾಶ್ರಿತರದು. ಸೂಪಾ, ಕದ್ರಾ, ಕೊಡಸಳ್ಳಿ, ಕೈಗಾ, ಸೀಬರ್ಡ್ ಎಂದು ಜಾಗ ಕಳೆದುಕೊಂಡ ಮನೆಗಳು ಇಲ್ಲಿ ಎಷ್ಟೋ. ರಾಜ್ಯದ ನೇಮಕಾತಿಯಲ್ಲಿ ಇವರಿಗೆ ಪ್ರತ್ಯೇಕ ಕಾಲಮ್ಮೇ ಇದೆ. ಭೂಸ್ವಾಧೀನದ ಹಳೆಯ ನೋಟಿಸು, ಪರಿಹಾರದ ಆದೇಶ ಹುಡುಕಿಟ್ಟುಕೊಂಡು ತಹಶೀಲ್ದಾರ್ ಕಚೇರಿಗೆ ಹೋಗಿ. ಕೊಂಕಣ ರೈಲ್ವೆಗೆ ಜಾಗ ಹೋದವರು ಅದರ ಅಧಿಸೂಚನೆಯಲ್ಲಿ ಭೂಮಿ ಕಳೆದುಕೊಂಡವರ ಸಾಲನ್ನು ತಪ್ಪದೆ ನೋಡಿ.

ಇವೆಲ್ಲದರ ಮೇಲಿನ ದಿನಾಂಕ ಅರ್ಜಿಯ ಕೊನೆಯ ದಿನದೊಳಗಿನದಾಗಿರಬೇಕು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ವಾರಗಳೇ ಹಿಡಿದಾವು. ಆದ್ದರಿಂದ ಕಾಗದ ಮೊದಲು, ಕೋಚಿಂಗ್ ಆಮೇಲೆ.

ಮೂರನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಗಣೇಶ ಮಹಾಬಲೇಶ್ವರ ಭಟ್ಟ’, ಆಧಾರದಲ್ಲಿ ‘ಗಣೇಶ ಭಟ್’. ನಾಯ್ಕರ ಮನೆಯಲ್ಲಂತೂ ಇಂಗ್ಲಿಷಿನಲ್ಲಿ ಅಪ್ಪನದು ಐ ಅಕ್ಷರ, ಮಗಳದು ವೈ. ಅಂಕಪಟ್ಟಿಯನ್ನೇ ಪ್ರಮಾಣವಾಗಿಟ್ಟುಕೊಂಡು ಆಧಾರವನ್ನು ಅದಕ್ಕೆ ಹೊಂದಿಸಿ, ಜಾತಿ ಪತ್ರಕ್ಕೆ ಅರ್ಜಿ ಹಾಕುವುದು ಅದಾದ ಮೇಲೆ. ಅಫಿಡವಿಟ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ.

ಅರ್ಜಿ ತುಂಬುವುದು ಸುಲಭ. ಸೈಬರಿನಲ್ಲಿ ತುಂಬಿಸುವುದಾದರೂ ಇಮೇಲ್, ಮೊಬೈಲ್ ನಂಬರು ನಿಮ್ಮದೇ ಇರಲಿ. ಅಂಗಡಿಯವರ ಇಮೇಲ್ ಕೊಟ್ಟು, ಪ್ರವೇಶಪತ್ರ ಬಂದದ್ದೇ ಗೊತ್ತಾಗದೆ ಪರೀಕ್ಷೆ ತಪ್ಪಿಸಿಕೊಳ್ಳುವವರಿದ್ದಾರೆ. ನಾಡಕಚೇರಿ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯಲ್ಲಿ ಮೊದಲೆರಡು ಅಕ್ಷರ ಬಿಟ್ಟರೆ ಉಳಿದದ್ದೆಲ್ಲ ಅಂಕಿ, ಸೊನ್ನೆಯ ಜಾಗದಲ್ಲಿ ‘ಓ’ ಒತ್ತಬೇಡಿ. ಪುಕ್ಕಟೆ ಸ್ಕ್ಯಾನರ್ ಆ್ಯಪ್‌ಗಳು ಪುಟದ ಬುಡದಲ್ಲಿ ತಮ್ಮ ಹೆಸರು ಅಚ್ಚೊತ್ತುತ್ತವೆ. ಅದಕ್ಕಿಂತ ಜೆರಾಕ್ಸ್ ಅಂಗಡಿಯ ಸ್ಕ್ಯಾನರ್ ವಾಸಿ. ಮೂಲ ಪತ್ರಗಳಿಗೆ ಲ್ಯಾಮಿನೇಶನ್ ಬೇಡವೇ ಬೇಡ.

ಸೀಬರ್ಡಿನಲ್ಲಿ ‘ಒಳಗೆ ಗುರುತಿದೆ’ ಎಂದು ದುಡ್ಡು ಕೇಳುವವರಿಗೆ ಒಂದು ಪೈಸೆ ಕೊಡಬೇಡಿ. ಕಟ್ಟಬೇಕಾದದ್ದು ಅಧಿಸೂಚನೆಯಲ್ಲಿ ಹೇಳಿದ ಶುಲ್ಕವೊಂದೇ. ಕೊನೆಯ ದಿನಗಳಲ್ಲಿ ಸರ್ವರ್ ತಿಣುಕುವಾಗ ಖಾತೆಯಿಂದ ಹಣ ಹೋಗಿಯೂ ಅರ್ಜಿಯಲ್ಲಿ ‘ಬಾಕಿ’ ಎಂದೇ ಉಳಿಯಬಹುದು. ಮರುದಿನ ಮತ್ತೆ ಲಾಗಿನ್ ಆಗಿ, ಪಾವತಿಯಾಗಿದೆ ಎಂದು ತೋರಿಸಿದ ಮೇಲೆ ಪ್ರಿಂಟ್ ತೆಗೆಯಿರಿ. ಇದಕ್ಕಾಗಿಯಾದರೂ ಕೊನೆಯ ದಿನಕ್ಕೆ ನಾಲ್ಕು ದಿನ ಮುಂಚೆ ಅರ್ಜಿ ಹೋಗಿರಲಿ.